ಖರ್ಚು, ಒಂದು

ಗಾಮಪ್ಪ ಬಂದದ್ದು ಹೊಸನಗರದ ಮೊದಲ ಬಸ್ಸಿಗೆ.
ಅಂಗಡಿ ಬಾಗಿಲಿನ ಆರು ಹಲಗೆಯಲ್ಲಿ ಮೂರು ತೆಗೆದಿದ್ದೆ ಅಷ್ಟೆ,
ಲೈಸೆನ್ಸಿನ ಹಾಳೆಯನ್ನು ಪಂಚೆಯ ಗಂಟಿನಿಂದ ಬಿಡಿಸಿ
ಒಂದೇ ಉಸಿರಿಗೆ ಕೇಳಿದ:
ಕುರ್ಕಂಗೆ ಯಾವ ಕೋವಿ ಆಗ್ತದೆ ಸಾಬ್ರೆ?

ಅಪ್ಪ ಬೇಗ ಉತ್ತರ ಕೊಡುವವನಲ್ಲ.
ಎಣ್ಣೆಬಟ್ಟೆಗೆ ಬೆರಳು ಒರೆಸುತ್ತ ಒರೆಸುತ್ತ
ಅವನನ್ನೇ ಕೇಳತೊಡಗಿದ.
ಮರದ ಮೇಲಿಂದಲೋ, ನೆಲದಲ್ಲಿ ನಿಂತೋ?
ಟಾರ್ಚು ಹಿಡಿಯೋರು ಯಾರು?
ಏನು ಹೊತ್ತೊಯ್ತು?
ನಾಯಿ, ಅಂದ. ಎರಡನೇ ನಾಯಿ. ಸರಪಳಿ ಸಮೇತ.
ನೀನು ಕಣ್ಣಾರೆ ನೋಡಿದ್ದೀಯೇನು ಅದನ್ನ?
ಗಾಮಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ.

ಗೂಟದ ಮೇಲೆ ನಾಲ್ಕಿದ್ದವು ಆ ವರ್ಷ.
ಕೇಪಿನ ಕೋವಿ: ಮಂಗ ಓಡಿಸಲು ಸಾಕು,
ಮಂಜಿಗೆ ಮದ್ದು ಥಂಡಿಯಾದರೆ ಕುರ್ಕ ಆಕಳಿಸಿ ಹೋಗ್ತದೆ.
ಜೋಡುನಳಿಗೆ: ಯಾವುದೋ ಪಟೇಲರದ್ದು, ಎಡದ ಕುದುರೆ ಸಡಿಲ,
ಒಂದನ್ನು ಒತ್ತಿದರೆ ಎರಡೂ ಹಾರಿ ಭುಜ ಕೀಳ್ತದೆ.
ರೈಫಲ್ಲು, ಕಾಫಿ ತೋಟದ ದೊರೆ ಬಿಟ್ಟುಹೋದದ್ದು,
ಗಾಮಪ್ಪನ ಕಣ್ಣು ಅದರ ಮೇಲೇ.
ಅದರ ಗುಂಡು ಕುರ್ಕನನ್ನು ದಾಟಿ, ಹಳು ದಾಟಿ,
ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯೋಳನ್ನ ಹುಡುಕ್ತದೆ,
ಬೇಡ, ಅಂದ ಅಪ್ಪ.

ಕೊನೆಗೆ ಒಂಟಿನಳಿಗೆಯ ತೋಟೆಕೋವಿ ಇಳಿಸಿ
ಮೊಣಕೈಯಿಂದ ತೋರುಬೆರಳಿನ ತನಕ ಅವನನ್ನು ಅಳೆದ,
ಮದುವೆ ಅಂಗಿಗೆ ದರ್ಜಿ ಅಳೆದಂತೆ.
ಹಿಡಿ ಒಂದು ಬೆರಳು ಉದ್ದ. ಗರಗಸದಲ್ಲಿ ಕೊಯ್ದ.
ಭುಜಕ್ಕಿಡು.
ಕುರ್ಕನ ಬದಲಿಗೆ ಎದುರಿನ ಅಂಗಡಿಯ ಗೋಲಿಸೋಡಾ ಬಾಟಲಿ.
ಟಿಕ್ ಅಂತು, ಖಾಲಿ.
ನಾನೂ ನೋಡಿದೆ, ಅಪ್ಪನೂ ನೋಡಿದ:
ಎರಡೂ ಕಣ್ಣು ಮುಚ್ಚಿದ್ದ.

ಅಪ್ಪ ಏನೂ ಅನ್ನಲಿಲ್ಲ. ಎಲ್.ಜಿ. ತೋಟೆ ಆರು ಎಣಿಸಿ ಕೊಟ್ಟ.
ಶಾಲೆಯ ನನ್ನ ದುಂಡು ಅಕ್ಷರದಲ್ಲಿ ಲೆಕ್ಕ ಬರೆದೆ.

ದೀಪಾವಳಿ ಕಳೆದು ಮತ್ತೆ ಬಂದ, ಕೋವಿ ಗೋಣಿಯಲ್ಲಿ ಸುತ್ತಿ.
ಹತ್ತು ಮಾರು ಸಾಬ್ರೆ, ಹೆಚ್ಚಿಲ್ಲ.
ಬಾಲದ ತುದಿ ಮಾತ್ರ ಅಲ್ಲಾಡ್ತಿತ್ತು.
ಹೊಡೆದೆ. ತಪ್ಪಿತು.
ಗದ್ದೆ ಆಚೆಯವರಿಗೆ ಕೇಳಿಸಲೇ ಇಲ್ಲ, ಗಾಳಿ ಹಾಗಿತ್ತು.

ಅಪ್ಪ ಕೋವಿ ಮಡಿಸಿ ನಳಿಗೆಗೆ ಮೂಗು ಹಿಡಿದ.
ಮದ್ದಿನ ನಾತವಿಲ್ಲ. ತಾನೇ ಸವರಿದ ಎಣ್ಣೆಯ ವಾಸನೆ.
ಬೆಳಕಿಗೆ ಹಿಡಿದರೆ ಬೆಳಕೂ ಬರಲಿಲ್ಲ.
ಸರಳು ಹಾಕಿ ನೂಕಿದ, ಪೇಪರಿನ ಮೇಲೆ ಉದುರಿತು
ಕುಂಬಾರಹುಳದ ಗೂಡು, ಒಣಮಣ್ಣು,
ಅದರೊಳಗೆ ಮರಿಗೆಂದು ಇಟ್ಟ ಬುತ್ತಿ,
ಇನ್ನೂ ಮಿಸುಕುವ ಮೂರು ಹಸಿರು ಹುಳ.
ಗೂಡು ಆವತ್ತೇ ಇತ್ತೋ, ಆಮೇಲೆ ಕಟ್ಟಿತೋ.
ಇದ್ದಿದ್ದರೆ, ಹೊಡೆದಿದ್ದರೆ,
ನಳಿಗೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದುಕೊಳ್ಳುತ್ತಿತ್ತು.
ಗಾಮಪ್ಪ ಕುಡಿಯಲು ನೀರು ಕೇಳಿದ.

ತೋಟೆ ಎಲ್ಲಿ? ಚೀಲ ಮುಂದಿಟ್ಟ.
ಅಪ್ಪ ಬೆಂಚಿನ ಮೇಲೆ ನಿಲ್ಲಿಸಿ ನಿಲ್ಲಿಸಿ ಎಣಿಸಿದ: ಆರು.
ಒಂದನ್ನು ಎತ್ತಿ ಗಲ್ಲಾಪೆಟ್ಟಿಗೆಗೆ ಹಾಕಿ
ಐದನ್ನು ಅವನ ಕಡೆ ಸರಿಸಿದ.
ಮನೇಲಿ ಯಾರಾದ್ರೂ ಎಣಿಸ್ತಾರೆ, ಅಂದ.

ಬರಿ ಮೆಹರೂ, ಅಂದ ನನಗೆ.
ಬರೆದೆ: ನಳಿಗೆ ಶುಚಿ, ಒಂದೂವರೆ ರೂಪಾಯಿ.
ತೋಟೆ, ಖರ್ಚು, ಒಂದು.
ನನ್ನ ಕೈಯಾರೆ ಬರೆದ ಮೊದಲ ಸುಳ್ಳು, ಶಾಯಿ ಒಣಗಲೇ ಇಲ್ಲ,
ಒತ್ತುವ ಕಾಗದ ಹುಡುಕುತ್ತಿದ್ದೆ.
ಗಾಮಪ್ಪ ಮೆಟ್ಟಿಲಿಳಿದವನು ತಿರುಗಿ ನಿಂತು
ಅದು ಗಬ್ಬದ್ದು ಕಾಣ್ತದೆ ಸಾಬ್ರೆ, ಹೊಟ್ಟೆ ಜೋತಿತ್ತು,
ಒಂದು ಕಿವಿ ಹರಿದಿತ್ತು, ಅಂದ.
ಯಾರೂ ಕೇಳಿರಲಿಲ್ಲ.